ರಷ್ಯನ್ ಮತ್ತು ಖೋಸಾ: ಪದಗಳ ಹೊಂದಾಣಿಕೆಯ ಎರಡು ಕ್ರಮಗಳು

1. ಪ್ರಸ್ತಾವನೆ

ಭಾಷೆಗಳ ತೌಲನಿಕ ಅಧ್ಯಯನ ಎಂದೊಡನೆ ನಮ್ಮಲ್ಲಿ ಸಾಮಾನ್ಯವಾಗಿ ನೆನಪಿಗೆ ಬರುವುದು ಜ್ಞಾತಿ ಭಾಷೆಗಳ ಹೋಲಿಕೆ. ಕನ್ನಡ, ತಮಿಳು, ತುಳು ಮೊದಲಾದವುಗಳ ಧ್ವನಿಸಂವಾದಗಳನ್ನು ಗುರುತಿಸಿ ಮೂಲದ್ರಾವಿಡದ ರೂಪಗಳನ್ನು ಪುನಾರಚಿಸುವ ಕಾರ್ಯದಲ್ಲಿ ಈ ಕ್ರಮದಿಂದ ದೊರೆತಿರುವ ಫಲ ದೊಡ್ಡದು. ಆದರೆ ಹೋಲಿಕೆಗೆ ಇನ್ನೊಂದು ದಾರಿಯೂ ಇದೆ. ಪರಸ್ಪರ ಯಾವ ನಂಟೂ ಇಲ್ಲದ ಭಾಷೆಗಳನ್ನು ಎದುರುಬದುರಾಗಿರಿಸಿ, ಒಂದೇ ಕೆಲಸವನ್ನು ಅವು ಯಾವ ಯಾವ ಸಾಧನಗಳಿಂದ ನೆರವೇರಿಸುತ್ತವೆ ಎಂದು ನೋಡುವ ದಾರಿ ಅದು. ಮೊದಲನೆಯ ಕ್ರಮ ಭಾಷೆಗಳ ಚರಿತ್ರೆಯನ್ನು ತಿಳಿಸಿದರೆ, ಎರಡನೆಯದು ವ್ಯಾಕರಣದ ಪರಿಕಲ್ಪನೆಗಳನ್ನೇ ಒರೆಗೆ ಹಚ್ಚುತ್ತದೆ.

ಪ್ರಸ್ತುತ ಲೇಖನದಲ್ಲಿ ರಷ್ಯನ್ ಮತ್ತು ಖೋಸಾ ಭಾಷೆಗಳನ್ನು ಈ ಎರಡನೆಯ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ವಾಕ್ಯದಲ್ಲಿನ ಪದಗಳನ್ನು ಒಂದಕ್ಕೊಂದು ಬಿಗಿಯುವ ವ್ಯವಸ್ಥೆ ಇಲ್ಲಿನ ಮುಖ್ಯ ವಸ್ತು. ನಾಮಪದದ ಲಿಂಗ, ವಚನ ಅಥವಾ ವರ್ಗವನ್ನು ಅನುಸರಿಸಿ ವಿಶೇಷಣ ಮತ್ತು ಕ್ರಿಯಾಪದಗಳು ತಮ್ಮ ರೂಪವನ್ನು ಬದಲಿಸಿಕೊಳ್ಳುವುದನ್ನು 'ಹೊಂದಾಣಿಕೆ' ಎಂದು ಕರೆಯಲಾಗಿದೆ. ಎರಡು ಭಾಷೆಗಳಲ್ಲಿಯೂ ಹೊಂದಾಣಿಕೆ ಸಮೃದ್ಧವಾಗಿದೆ. ಆದರೆ ಅದು ನಡೆಯುವ ಸ್ಥಾನ ಬೇರೆ, ಆಧಾರ ಬೇರೆ. ಈ ವ್ಯತ್ಯಾಸವನ್ನು ಅರಿಯುವುದರಿಂದ ಕನ್ನಡ ವ್ಯಾಕರಣದ ಕೆಲವು ಹಳೆಯ ಪ್ರಶ್ನೆಗಳಿಗೂ ಬೆಳಕು ದೊರೆಯುತ್ತದೆ ಎಂಬುದು ಈ ಲೇಖನದ ನಿಲುವು.

ಎರಡೂ ಭಾಷೆಗಳ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಣೆಗೆ ಸಮೀಪವಾಗಿ ಕೊಡಲಾಗಿದೆ. 'ಜ಼' ಎಂಬಲ್ಲಿನ ಚುಕ್ಕೆಯು 'ಸ'ಕಾರದ ಘೋಷರೂಪವನ್ನು ಸೂಚಿಸುತ್ತದೆ.

2. ಭಾಷೆಗಳ ಪರಿಚಯ

ರಷ್ಯನ್ ಇಂಡೋ-ಯುರೋಪಿಯನ್ ಪರಿವಾರದ ಸ್ಲಾವಿಕ್ ಶಾಖೆಗೆ ಸೇರಿದ ಭಾಷೆ. 33 ಅಕ್ಷರಗಳ ಸಿರಿಲಿಕ್ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಸಂಸ್ಕೃತದೊಂದಿಗೆ ಅದಕ್ಕಿರುವ ದೂರದ ಬಾಂಧವ್ಯ 'ಬ್ರಾತ್' (ಭ್ರಾತೃ), 'ಮಾತ್' (ಮಾತೃ), 'ದ್ವಾ' (ದ್ವಿ), 'ಜ಼್ನಾತ್' (ಜ್ಞಾ ಧಾತು) ಮುಂತಾದ ಶಬ್ದಗಳಲ್ಲಿ ಎದ್ದು ಕಾಣುತ್ತದೆ.

ಖೋಸಾ ಬಂಟು ಭಾಷೆಗಳ ನ್ಗುನಿ ಗುಂಪಿಗೆ ಸೇರಿದ್ದು; ಜ಼ುಲು, ಸ್ವಾತಿ, ನ್ಡೆಬೆಲೆ ಭಾಷೆಗಳು ಅದರ ಹತ್ತಿರದ ಜ್ಞಾತಿಗಳು. ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತ ಅದರ ಮುಖ್ಯ ನೆಲೆ. 1996ರ ಸಂವಿಧಾನ ಮಾನ್ಯ ಮಾಡಿದ 11 ಅಧಿಕೃತ ಭಾಷೆಗಳಲ್ಲಿ ಖೋಸಾ ಒಂದು. 2023ರಲ್ಲಿ ಸಂಜ್ಞಾಭಾಷೆಯೂ ಸೇರಿ ಈ ಸಂಖ್ಯೆ 12 ಆಗಿದೆ. 2011ರ ಜನಗಣತಿಯ ಪ್ರಕಾರ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಇದು ಮೊದಲ ಭಾಷೆ. ನೆಲ್ಸನ್ ಮಂಡೇಲಾ ಅವರ ಮಾತೃಭಾಷೆ ಎಂಬುದರಿಂದ ಇದರ ಹೆಸರು ಕನ್ನಡ ಓದುಗರಿಗೂ ಪರಿಚಿತ. 1823ರಲ್ಲಿ ಮಿಶನರಿಗಳ ಮುದ್ರಣಾಲಯದಿಂದ ಆರಂಭವಾದ ಅದರ ಮುದ್ರಿತ ಸಾಹಿತ್ಯ, ಎಸ್. ಇ. ಕೆ. ಮ್ಖಾಯಿ ಅವರ 1914ರ ಕಥನಕೃತಿ, ಎ. ಸಿ. ಜೋರ್ಡನ್ ಅವರ 1940ರ ಕಾದಂಬರಿ ಇವುಗಳ ಮೂಲಕ ಗಟ್ಟಿಯಾದ ಒಂದು ಪರಂಪರೆಯನ್ನು ಪಡೆದುಕೊಂಡಿದೆ. ಜೋರ್ಡನ್ ಕಾದಂಬರಿಕಾರರಾಗಿದ್ದಂತೆ ತಮ್ಮ ಭಾಷೆಯ ವ್ಯಾಕರಣವನ್ನು ಕುರಿತು ಸಂಶೋಧನೆ ನಡೆಸಿದ ವಿದ್ವಾಂಸರೂ ಆಗಿದ್ದರು.

ಇಷ್ಟು ದೂರದ ಎರಡು ಭಾಷೆಗಳಲ್ಲಿಯೂ ಕೆಲವು ಆಕಸ್ಮಿಕ ಸಾಮ್ಯಗಳು ದೊರೆಯುತ್ತವೆ. ರಷ್ಯನ್ನಿನ 'ಯಜ಼ಿಕ್' ಎಂಬ ಪದಕ್ಕೆ ನಾಲಗೆ ಎಂದೂ ಭಾಷೆ ಎಂದೂ ಅರ್ಥ. ಖೋಸಾದ 'ಉಲ್ವಿಮಿ' ಎಂಬ ಪದಕ್ಕೂ ಅವೇ ಎರಡು ಅರ್ಥಗಳಿವೆ. ಎರಡರಲ್ಲಿಯೂ ಇಂಗ್ಲಿಷಿನಲ್ಲಿರುವಂತಹ ನಿರ್ದೇಶಕ ಉಪಪದಗಳಿಲ್ಲ. ಇಂತಹ ಸಾಮ್ಯಗಳಿಂದ ಬಾಂಧವ್ಯವನ್ನು ಊಹಿಸುವಂತಿಲ್ಲ.

3. ಧ್ವನಿವ್ಯವಸ್ಥೆ

ರಷ್ಯನ್ನಿನ ವ್ಯಂಜನಗಳಲ್ಲಿ 'ಗಡಸು' ಮತ್ತು 'ಮೃದು' ಎಂಬ ಭೇದ ಅರ್ಥನಿರ್ಣಾಯಕವಾದುದು. ಸಹೋದರ ಎಂಬರ್ಥದ 'ಬ್ರಾತ್' ಶಬ್ದದ ಕೊನೆಯ ತಕಾರವನ್ನು ನಾಲಗೆಯ ನಡುಭಾಗ ತಾಲುವಿನತ್ತ ಏರುವಂತೆ ಉಚ್ಚರಿಸಿದರೆ 'ತೆಗೆದುಕೊಳ್ಳುವುದು' ಎಂಬ ಬೇರೊಂದು ಪದವಾಗುತ್ತದೆ. ಖೋಸಾದಲ್ಲಿ ಗಮನ ಸೆಳೆಯುವವು ಗಾಳಿಯನ್ನು ಬಾಯೊಳಗೆ ಹೀರಿ ಉಂಟುಮಾಡುವ ಲೊಚಗುಟ್ಟುವ ವ್ಯಂಜನಗಳು. ಇವುಗಳಿಗೆ ಮೂರು ಮೂಲ ಸ್ಥಾನಗಳಿದ್ದು ರೋಮನ್ ಲಿಪಿಯ ಸಿ, ಕ್ಯೂ, ಎಕ್ಸ್ ಅಕ್ಷರಗಳಿಂದ ಸೂಚಿತವಾಗುತ್ತವೆ. ಮಹಾಪ್ರಾಣ, ಘೋಷ, ಅನುನಾಸಿಕ ಮೊದಲಾದ ಭೇದಗಳು ಸೇರಿದಾಗ ಒಂದು ಎಣಿಕೆಯಂತೆ ಅವುಗಳ ಸಂಖ್ಯೆ 18. 'ಖೋಸಾ' ಎಂಬ ಹೆಸರಿನ ಮೊದಲ ವ್ಯಂಜನವೂ ಇಂತಹುದೇ. ಕನ್ನಡದ 'ಖ' ಅದಕ್ಕೆ ಒಂದು ಅನುಕೂಲದ ಗುರುತು ಮಾತ್ರ. ಖೋಯಿ ಮತ್ತು ಸಾನ್ ಜನರ ಭಾಷೆಗಳ ದೀರ್ಘ ಸಂಪರ್ಕದಿಂದ ಈ ಧ್ವನಿಗಳು ಖೋಸಾಕ್ಕೆ ಬಂದವು. ಮದುವೆಯಾದ ಹೆಂಗಸರು ಮಾವನ ಹೆಸರನ್ನೂ ಅದನ್ನು ಹೋಲುವ ಅಕ್ಷರಗಳನ್ನೂ ಉಚ್ಚರಿಸದೆ ಬೇರೆ ಪದಗಳನ್ನು ಬಳಸುವ 'ಹ್ಲೊನಿಫಾ' ಎಂಬ ಸಂಪ್ರದಾಯವು ಈ ಧ್ವನಿಗಳ ಪ್ರಸಾರಕ್ಕೆ ನೆರವಾಗಿರಬಹುದೆಂದು ವಿದ್ವಾಂಸರು ಸೂಚಿಸಿದ್ದಾರೆ.

ಈ ಧ್ವನಿಗಳು ನಮ್ಮ ಬಾಯಿಗೆ ಅಪರಿಚಿತವಲ್ಲ. ಕನಿಕರದಿಂದ ಲೊಚಗುಟ್ಟುವಾಗ, ಎತ್ತುಗಳನ್ನು ಹುರಿದುಂಬಿಸುವಾಗ ಇವುಗಳಿಗೆ ತೀರ ಹತ್ತಿರದ ಸದ್ದನ್ನು ಕನ್ನಡಿಗರೂ ಹೊರಡಿಸುತ್ತಾರೆ. ಆದರೆ ಅವು ಕನ್ನಡದ ವರ್ಣಮಾಲೆಯಲ್ಲಿಲ್ಲ. ಪದಗಳನ್ನು ಕಟ್ಟುವ ಕೆಲಸ ಅವುಗಳಿಗಿಲ್ಲ. ಧ್ವನಿ ಇರುವುದು ಬೇರೆ, ವ್ಯವಸ್ಥೆಯಲ್ಲಿ ಅದಕ್ಕೊಂದು ಕೆಲಸವಿರುವುದು ಬೇರೆ. ಮುಂದಿನ ಚರ್ಚೆಗೂ ಇದೇ ತತ್ತ್ವ ಅನ್ವಯಿಸುತ್ತದೆ.

ಸಂಧಿಯ ಒಂದು ವಿಷಯವನ್ನು ಇಲ್ಲಿಯೇ ಹೇಳಬಹುದು. ಖೋಸಾದಲ್ಲಿ 'ನಾ' (ಜೊತೆಗೆ) ಎಂಬುದು 'ಇಂಜಾ' (ನಾಯಿ) ಎಂಬುದರೊಡನೆ ಸೇರಿದರೆ 'ನೇಂಜಾ' ಎಂದೂ, 'ಉಮ್‌ನ್ತು' (ಮನುಷ್ಯ) ಎಂಬುದರೊಡನೆ ಸೇರಿದರೆ 'ನೋಮ್‌ನ್ತು' ಎಂದೂ ಆಗುತ್ತದೆ. ಅಕಾರದ ಮುಂದೆ ಇಕಾರ ಬಂದರೆ ಏಕಾರ, ಉಕಾರ ಬಂದರೆ ಓಕಾರ. ತರಗತಿಯಲ್ಲಿ ಗುಣಸಂಧಿಯನ್ನು ಬೋಧಿಸುವ ಯಾರಿಗೂ ಇದು ವಿಸ್ಮಯವನ್ನುಂಟುಮಾಡುತ್ತದೆ. ಸಂಸ್ಕೃತಕ್ಕೂ ಖೋಸಾಕ್ಕೂ ನಂಟಿಲ್ಲ. ತೆರೆದ ಸ್ವರವೊಂದು ಮುಚ್ಚಿದ ಸ್ವರದೊಡನೆ ಬೆರೆತಾಗ ನಡುವಣ ಸ್ವರ ಹುಟ್ಟುವುದು ಉಚ್ಚಾರಣೆಯ ಸಹಜ ಪರಿಣಾಮ. ಸಂಸ್ಕೃತದ ಬಂಧುವಾದ ರಷ್ಯನ್ನಿನಲ್ಲಿ ಇಂತಹ ಸಂಧಿಯು ಕ್ರಿಯಾಶೀಲ ನಿಯಮವಾಗಿ ಉಳಿದಿಲ್ಲ ಎಂಬುದನ್ನು ಗಮನಿಸಿದರೆ, ಸಾಮ್ಯ ಬೇರೆ, ಬಾಂಧವ್ಯ ಬೇರೆ ಎಂಬುದು ಸ್ಪಷ್ಟವಾಗುತ್ತದೆ.

4. ಲಿಂಗ, ವರ್ಗ ಮತ್ತು ಹೊಂದಾಣಿಕೆ

ರಷ್ಯನ್ನಿನಲ್ಲಿ ನಾಮಪದಗಳಿಗೆ ಮೂರು ಲಿಂಗಗಳು. ಬಹುಮಟ್ಟಿಗೆ ಪದದ ಕೊನೆಯನ್ನು ನೋಡಿ ಲಿಂಗವನ್ನು ತಿಳಿಯಬಹುದು. ವಿಶೇಷಣವೂ ಭೂತಕಾಲದ ಕ್ರಿಯಾಪದವೂ ಈ ಲಿಂಗವನ್ನು ಅನುಸರಿಸುತ್ತವೆ:

ಬಲ್ಷೋಯ್ ಸ್ತೋಲ್ ಉಪಾಲ್ – ದೊಡ್ಡ ಮೇಜು ಬಿದ್ದಿತು (ಪುಲ್ಲಿಂಗ)
ಬಲ್ಷಾಯಾ ಕ್ನೀಗಾ ಉಪಾಲಾ – ದೊಡ್ಡ ಪುಸ್ತಕ ಬಿದ್ದಿತು (ಸ್ತ್ರೀಲಿಂಗ)
ಬಲ್ಷೋಯೆ ದ್ಯೇರೆವೊ ಉಪಾಲೊ – ದೊಡ್ಡ ಮರ ಬಿದ್ದಿತು (ನಪುಂಸಕಲಿಂಗ)
ಬಲ್ಷೀಯೆ ಸ್ತಲೀ ಉಪಾಲಿ – ದೊಡ್ಡ ಮೇಜುಗಳು ಬಿದ್ದವು

ಖೋಸಾದಲ್ಲಿ ಗಂಡು-ಹೆಣ್ಣು ಎಂಬ ವ್ಯಾಕರಣಲಿಂಗವೇ ಇಲ್ಲ. ಅದರ ಬದಲು ನಾಮವರ್ಗಗಳಿವೆ. ಬಂಟು ಭಾಷೆಗಳಿಗೆಲ್ಲ ಸಮಾನವಾಗಿ ಕೊಟ್ಟಿರುವ ಕ್ರಮಸಂಖ್ಯೆಗಳನ್ನು ಅನುಸರಿಸಿ ಖೋಸಾದ ವರ್ಗಗಳನ್ನು 1ರಿಂದ 11, ಆ ಮೇಲೆ 14 ಮತ್ತು 15 ಎಂದು ಗುರುತಿಸುವುದು ವಾಡಿಕೆ. ಮೊದಲ 10ರಲ್ಲಿ ಬೆಸಸಂಖ್ಯೆಗಳು ಏಕವಚನಕ್ಕೂ ಸಮಸಂಖ್ಯೆಗಳು ಬಹುವಚನಕ್ಕೂ ಸಲ್ಲುತ್ತವೆ. ವರ್ಗದ ಗುರುತು ಪದದ ಆದಿಯಲ್ಲಿರುತ್ತದೆ: 'ಉಮ್‌ನ್ತು' (ಮನುಷ್ಯ) – 'ಅಬಂತು' (ಮನುಷ್ಯರು), 'ಉಮ್ಥಿ' (ಮರ) – 'ಇಮಿಥಿ' (ಮರಗಳು), 'ಇಸಿತ್ಯಾ' (ತಟ್ಟೆ) – 'ಇಜ಼ಿತ್ಯಾ' (ತಟ್ಟೆಗಳು). ಮನುಷ್ಯತ್ವ ಎಂಬರ್ಥದಲ್ಲಿ ಲೋಕವಿಖ್ಯಾತವಾಗಿರುವ 'ಉಬುಂತು' ಪದವು 'ನ್ತು' ಎಂಬ ಅದೇ ಪ್ರಕೃತಿಗೆ 14ನೆಯ ವರ್ಗದ ಪ್ರತ್ಯಯ ಸೇರಿ ಆದದ್ದು. ಹೊಂದಾಣಿಕೆಯ ಕ್ರಮ ಹೀಗಿದೆ:

ಉಮ್ಥಿ ಓಮ್ಖುಲು ಉವಿಲೆ – ದೊಡ್ಡ ಮರ ಬಿದ್ದಿತು (ವರ್ಗ 3)
ಇಮಿಥಿ ಎಮಿಖುಲು ಇವಿಲೆ – ದೊಡ್ಡ ಮರಗಳು ಬಿದ್ದವು (ವರ್ಗ 4)
ಇಸಿತ್ಯಾ ಎಸಿಖುಲು ಸಿವಿಲೆ – ದೊಡ್ಡ ತಟ್ಟೆ ಬಿದ್ದಿತು (ವರ್ಗ 7)
ಇಜ಼ಿತ್ಯಾ ಎಜ಼ಿಖುಲು ಜ಼ಿವಿಲೆ – ದೊಡ್ಡ ತಟ್ಟೆಗಳು ಬಿದ್ದವು (ವರ್ಗ 8)

ರಷ್ಯನ್ನಿನಲ್ಲಿ ಅಂತ್ಯಪ್ರಾಸದಂತೆ ಕೇಳುವುದು ಖೋಸಾದಲ್ಲಿ ಆದಿಪ್ರಾಸದಂತೆ ಕೇಳುತ್ತದೆ. ಎರಡರಲ್ಲಿಯೂ ಕೆಲಸ ಒಂದೇ: ಯಾವ ಪದ ಯಾವ ಪದಕ್ಕೆ ಸೇರಿದುದೆಂದು ಕೇಳುವವನಿಗೆ ತಿಳಿಸುವುದು. ಕನ್ನಡದಲ್ಲಿ 'ದೊಡ್ಡ ಮರ ಬಿದ್ದಿತು', 'ದೊಡ್ಡ ಮರಗಳು ಬಿದ್ದವು' ಎನ್ನುವಾಗ 'ದೊಡ್ಡ' ಎಂಬುದು ಬದಲಾಗುವುದಿಲ್ಲ. ಸಂಸ್ಕೃತದ ವಿಶೇಷಣ-ವಿಶೇಷ್ಯ ನಿಯಮವು ರಷ್ಯನ್ನಿಗೆ ಸಹಜವಾಗಿ ಸಲ್ಲುತ್ತದೆ, ಖೋಸಾಕ್ಕೆ ಬೇರೊಂದು ಬಗೆಯಲ್ಲಿ ಸಲ್ಲುತ್ತದೆ. ಕನ್ನಡದ ಇಂತಹ ಗುಣಪದಗಳಿಗೆ ಸಲ್ಲುವುದೇ ಇಲ್ಲ.

ರೂಪಕ್ಕೂ ಅರ್ಥಕ್ಕೂ ತಿಕ್ಕಾಟ ಬಂದಲ್ಲಿ ಒಂದು ಭಾಷೆ ಯಾವುದರ ಕಡೆ ವಾಲುತ್ತದೆ ಎಂಬುದು ಅದರ ಒಳಸ್ವಭಾವವನ್ನು ತೋರಿಸುತ್ತದೆ. ರಷ್ಯನ್ನಿನ 'ಮುಷ್ಚೀನಾ' (ಗಂಡಸು) ಎಂಬ ಪದ ಸ್ತ್ರೀಲಿಂಗ ಪದಗಳಂತೆ ಆಕಾರಾಂತವಾಗಿ, ಅವುಗಳಂತೆಯೇ ವಿಭಕ್ತಿರೂಪಗಳನ್ನು ಪಡೆಯುತ್ತದೆ. ಆದರೂ ವಿಶೇಷಣ ಮತ್ತು ಕ್ರಿಯಾಪದಗಳು ಪುಲ್ಲಿಂಗದಲ್ಲಿರುತ್ತವೆ. 'ವ್ರಾಚ್' (ವೈದ್ಯ) ಎಂಬ ಪುಲ್ಲಿಂಗ ಪದ ಮಹಿಳೆಯನ್ನು ಸೂಚಿಸಿದಾಗ ಕ್ರಿಯಾಪದವು ಸ್ತ್ರೀಲಿಂಗದಲ್ಲಿ ಬರುವುದುಂಟು. ಇಲ್ಲಿ ಅರ್ಥದ ಸೆಳೆತ ಬಲವಾಗಿದೆ. ಖೋಸಾದ 'ಇಂದೋಡಾ' (ಗಂಡಸು) ಎಂಬ ಪದವಾದರೋ ಮನುಷ್ಯವರ್ಗವಾದ 1ಕ್ಕೆ ಸೇರದೆ, 'ಇಂಜಾ' (ನಾಯಿ) ಎಂಬ ಪದದ ಜೊತೆಗೆ 9ನೆಯ ವರ್ಗದಲ್ಲಿದೆ. 'ಇಂದೋಡಾ ಇವಿಲೆ' ಎಂದೇ ಹೇಳಬೇಕು. ಮನುಷ್ಯವರ್ಗದ 'ಉವಿಲೆ' ಇಲ್ಲಿ ಬರುವುದಿಲ್ಲ. ಇಲ್ಲಿ ರೂಪದ ಹಿಡಿತ ಬಿಗಿಯಾಗಿದೆ. ಕನ್ನಡದ ಲಿಂಗವ್ಯವಸ್ಥೆ ಬಹುಮಟ್ಟಿಗೆ ಅರ್ಥವನ್ನೇ ಆಧರಿಸಿದ್ದರೂ 'ಮಗು ಬಿದ್ದಿತು' ಎಂಬಲ್ಲಿ ಮನುಷ್ಯವಾಚಿಯೊಂದು ನಪುಂಸಕವಾಗಿ ನಿಲ್ಲುತ್ತದೆ.

ಅನ್ಯದೇಶ್ಯ ಪದಗಳನ್ನು ಬರಮಾಡಿಕೊಳ್ಳುವ ಬಗೆಯಲ್ಲಿ ಈ ವ್ಯವಸ್ಥೆಗಳ ಜೀವಂತಿಕೆ ಕಾಣುತ್ತದೆ. ಶಾಲೆ ಎಂಬರ್ಥದ ಯುರೋಪಿಯನ್ ಪದ ಖೋಸಾದಲ್ಲಿ 'ಇಸಿಕೋಲೊ' ಆಯಿತು. ಮೂಲದ ಸಕಾರವು 7ನೆಯ ವರ್ಗದ 'ಇಸಿ' ಪ್ರತ್ಯಯವೆಂಬಂತೆ ಗ್ರಹಿಸಲ್ಪಟ್ಟಿತು. ಆದುದರಿಂದ ಅದರ ಬಹುವಚನ 'ಇಜ಼ಿಕೋಲೊ'. ರಷ್ಯನ್ನಿನ 'ಕೋಫೆ' (ಕಾಫಿ) ಪದವು ಬರಹಭಾಷೆಯಲ್ಲಿ ಪುಲ್ಲಿಂಗ. ಅದರ ಕೊನೆ ನಪುಂಸಕ ಪದಗಳನ್ನು ಹೋಲುವುದರಿಂದ ಆಡುಮಾತು ಅದನ್ನು ನಪುಂಸಕವೆಂದೇ ಎಣಿಸುತ್ತ ಬಂದಿತ್ತು. 2009ರಲ್ಲಿ ಅಧಿಕೃತವೆಂದು ಮಾನ್ಯವಾದ ನಿಘಂಟೊಂದು ಎರಡನ್ನೂ ಒಪ್ಪಿದಾಗ ಅಲ್ಲಿ ದೊಡ್ಡ ವಾಗ್ವಾದವೇ ನಡೆಯಿತು.

5. ಸಂಬಂಧ ಮತ್ತು ಕರ್ಮ

ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ. 'ಮಗುವಿನ ನಾಯಿ' ಎನ್ನಬೇಕಾದಾಗ ಒಡೆಯನನ್ನು ಸೂಚಿಸುವ ಪದ ಷಷ್ಠೀ ರೂಪವನ್ನು ತಳೆಯುತ್ತದೆ. ನಾಯಿ ಒಂದಿರಲಿ ಹಲವಿರಲಿ, ಆ ರೂಪ ಬದಲಾಗುವುದಿಲ್ಲ. ಖೋಸಾದಲ್ಲಿ ನಾಮಪದಕ್ಕೆ ಇಂತಹ ವಿಭಕ್ತಿಯಿಲ್ಲ. ಒಡೆತನದ ಅವ್ಯಯವೊಂದು ಒಡೆಯನ ಹೆಸರಿಗೆ ಸೇರುತ್ತದೆ ಮತ್ತು ಅದು ಒಡೆತನಕ್ಕೆ ಒಳಪಟ್ಟ ವಸ್ತುವಿನ ವರ್ಗವನ್ನು ಅನುಸರಿಸುತ್ತದೆ: 'ಇಂಜಾ ಯೋಮ್‌ನ್ತ್ವಾನಾ' (ಮಗುವಿನ ನಾಯಿ), 'ಇಜ಼ಿಂಜಾ ಜ಼ೋಮ್‌ನ್ತ್ವಾನಾ' (ಮಗುವಿನ ನಾಯಿಗಳು), 'ಉಮ್ಥಿ ವೋಮ್‌ನ್ತ್ವಾನಾ' (ಮಗುವಿನ ಮರ). ಹಿಂದಿಯಲ್ಲಿ ಕಾ, ಕೀ, ಕೇ ಪ್ರತ್ಯಯಗಳು ಮುಂದೆ ಬರುವ ಪದದ ಲಿಂಗವಚನಗಳನ್ನು ಅನುಸರಿಸುವುದನ್ನು ಬಲ್ಲವರಿಗೆ ಈ ಕ್ರಮ ಹೊಸತೆನಿಸದು. ಹಾಗೆಂದು ಖೋಸಾದಲ್ಲಿ ಎಲ್ಲವೂ ಪದದ ಆದಿಯಲ್ಲಿಯೇ ನಡೆಯುತ್ತದೆ ಎನ್ನುವಂತಿಲ್ಲ. 'ಇಸಿಕೋಲೊ' ಎಂಬುದರಿಂದ 'ಎಸಿಕೊಲ್ವೇನಿ' (ಶಾಲೆಯಲ್ಲಿ) ಆಗುವಾಗ ಪದದ ಎರಡು ತುದಿಗಳೂ ಬದಲಾಗುತ್ತವೆ.

ಕರ್ಮಪದದ ವಿಷಯದಲ್ಲಿ ಮೂರು ಭಾಷೆಗಳ ಹೋಲಿಕೆ ಸ್ವಾರಸ್ಯಕರವಾಗಿದೆ. ರಷ್ಯನ್ನಿನ 'ಯಾ ವೀಝು ಸ್ತೋಲ್' (ನಾನು ಮೇಜು ನೋಡುತ್ತಿದ್ದೇನೆ) ಎಂಬಲ್ಲಿ ಕರ್ಮಪದಕ್ಕೆ ಗುರುತಿಲ್ಲ; 'ಯಾ ವೀಝು ಬ್ರಾತಾ' (ನಾನು ಅಣ್ಣನನ್ನು ನೋಡುತ್ತಿದ್ದೇನೆ) ಎಂಬಲ್ಲಿ ಇದೆ. ಇಂತಹ ಪುಲ್ಲಿಂಗ ಪದಗಳಲ್ಲಿ ಪ್ರಾಣಿವಾಚಿಗೆ ಗುರುತು ಕಡ್ಡಾಯ, ಜಡವಾಚಿಗೆ ಇಲ್ಲ. ಕನ್ನಡದಲ್ಲಿಯೂ 'ಹಣ್ಣು ತಿಂದೆ' ಎನ್ನಬಹುದು, 'ಹುಡುಗ ಕಂಡೆ' ಎನ್ನಲಾಗದು. 'ಹುಡುಗನನ್ನು ಕಂಡೆ' ಎಂದೇ ಆಗಬೇಕು. ಖೋಸಾ ಈ ಗುರುತನ್ನು ನಾಮಪದಕ್ಕೆ ಹಚ್ಚದೆ ಕ್ರಿಯಾಪದದೊಳಗೆ ಇರಿಸುತ್ತದೆ. 'ನ್ದಿಬೋನಾ ಉಮ್‌ನ್ತ್ವಾನಾ' ಎಂದರೆ ಒಂದು ಮಗುವನ್ನು ನೋಡುತ್ತೇನೆ ಎಂದು. 'ನ್ದಿಯಾಮ್‌ಬೋನಾ ಉಮ್‌ನ್ತ್ವಾನಾ' ಎಂದರೆ ಹಿಂದೆಯೇ ಪ್ರಸ್ತಾಪಗೊಂಡ ಆ ಮಗುವನ್ನು ನೋಡುತ್ತೇನೆ ಎಂದು. ಎರಡನೆಯ ಕ್ರಿಯಾಪದದ ನಡುವಿನ 'ಮ್' ಕರ್ಮದ ವರ್ಗವನ್ನು ಸೂಚಿಸುವ ಗುರುತು. ವಿಭಕ್ತಿ ಎಂಬ ಶೀರ್ಷಿಕೆಯಡಿ ಮಾತ್ರ ಹುಡುಕುವವರಿಗೆ ಖೋಸಾದಲ್ಲಿ ಏನೂ ಸಿಗುವುದಿಲ್ಲ. ಕರ್ಮದ ಗುರುತು ಯಾವ ಕೆಲಸ ಮಾಡುತ್ತದೆ ಎಂದು ಕೇಳಿದಾಗ ಮಾತ್ರ ಮೂರು ಭಾಷೆಗಳೂ ಒಂದೇ ಚರ್ಚೆಯೊಳಗೆ ಬರುತ್ತವೆ.

6. ಕ್ರಿಯಾಪದ

ರಷ್ಯನ್ ಕ್ರಿಯಾಪದದ ಜೀವಾಳ, ಕ್ರಿಯೆ ಪೂರ್ಣಗೊಂಡುದೋ ಅಲ್ಲವೋ ಎಂಬ ಭೇದ. ಇದನ್ನು ಇಲ್ಲಿ 'ಕ್ರಿಯಾಸ್ಥಿತಿ' ಎನ್ನಲಾಗಿದೆ. 'ಚಿತಾಲ್' ಎಂದರೆ ಓದುತ್ತಿದ್ದನು ಅಥವಾ ಓದಿದ್ದುಂಟು. 'ಪ್ರಚಿತಾಲ್' ಎಂದರೆ ಓದಿ ಮುಗಿಸಿದನು. ಪೂರ್ಣಸ್ಥಿತಿಯ ಧಾತುಗಳಿಗೆ ವರ್ತಮಾನಕಾಲವೇ ಇಲ್ಲ. ಆ ಸ್ಥಾನದ ರೂಪ ಭವಿಷ್ಯತ್ತನ್ನು ಹೇಳುತ್ತದೆ. ಖೋಸಾದಲ್ಲಿ ಪ್ರಧಾನವಾದುದು ಕಾಲದ ದೂರ. 'ನ್ದಿಹಂಬಿಲೆ' ಎಂದರೆ ಇತ್ತೀಚೆಗೆ ಹೋದೆ. 'ನ್ದಹಂಬಾ' ಎಂದರೆ ಬಹಳ ಹಿಂದೆ ಹೋದೆ. ಸಮೀಪ ಭವಿಷ್ಯತ್ತಿಗೂ ದೂರದ ಭವಿಷ್ಯತ್ತಿಗೂ ಬೇರೆ ಬೇರೆ ರೂಪಗಳುಂಟು. ಭಾಷೆಗಳು ಕಾಲ, ಕ್ರಿಯಾಸ್ಥಿತಿ, ಭಾವಗಳಲ್ಲಿ ಒಂದಕ್ಕೆ ಪ್ರಾಧಾನ್ಯ ಕೊಡುತ್ತವೆ ಎಂದು ಡಿ. ಎನ್. ಶಂಕರ ಭಟ್ಟರು 1999ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಪ್ರತಿಪಾದಿಸಿರುವ ವಿಚಾರಕ್ಕೆ ಈ ಎರಡು ಭಾಷೆಗಳ ನಡುವಣ ಅಂತರವು ಒಳ್ಳೆಯ ನಿದರ್ಶನ.

ಲಿಂಗದ ವಿಷಯದಲ್ಲಿಯೂ ಕ್ರಿಯಾಪದಗಳು ಭಿನ್ನ. ರಷ್ಯನ್ನಿನ ಭೂತಕಾಲದ ರೂಪ ಮೂಲತಃ ಕೃದಂತವಾದುದರಿಂದ ಅದರಲ್ಲಿ ಪುರುಷಭೇದವಿಲ್ಲ, ಲಿಂಗಭೇದವಿದೆ. 'ನಾನು ಬಿದ್ದೆ' ಎನ್ನುವಾಗ ಗಂಡಸು 'ಯಾ ಉಪಾಲ್' ಎಂದರೆ ಹೆಂಗಸು 'ಯಾ ಉಪಾಲಾ' ಎನ್ನುತ್ತಾಳೆ. ಕನ್ನಡದಲ್ಲಿ ಉತ್ತಮಪುರುಷಕ್ಕೆ ಲಿಂಗವಿಲ್ಲ, ಪ್ರಥಮಪುರುಷ ಏಕವಚನದಲ್ಲಿ ಬಿದ್ದನು, ಬಿದ್ದಳು ಎಂಬ ಭೇದವಿದೆ. ಖೋಸಾದ 'ಉವಿಲೆ' ಗಂಡಿಗೂ ಹೆಣ್ಣಿಗೂ ಸಮಾನ.

7. ವ್ಯಾಕರಣಕಾರರ ನೋಟ

ಈ ಭಾಷೆಗಳ ಮೊದಲ ವ್ಯಾಕರಣಕಾರರು ಮೇಲಿನ ಸಂಗತಿಗಳನ್ನು ಹೇಗೆ ಕಂಡರು ಎಂಬುದು ವಿಚಾರಾರ್ಹ. 1755ರಲ್ಲಿ ರಚಿತವಾಗಿ 1757ರಲ್ಲಿ ಪ್ರಕಟವಾದ ಲೊಮೊನೊಸೊವ್‌ನ ರಷ್ಯನ್ ವ್ಯಾಕರಣವು ಆ ಭಾಷೆಯ ಶಾಸ್ತ್ರಚಿಂತನೆಯ ಅಡಿಗಲ್ಲು. ಅದರಲ್ಲಿ ರಷ್ಯನ್ ಕ್ರಿಯಾಪದಕ್ಕೆ ಹತ್ತು ಕಾಲಗಳನ್ನು ಎಣಿಸಲಾಗಿದೆ. ಕ್ರಿಯಾಸ್ಥಿತಿಯ ಭೇದಗಳನ್ನು ಕಾಲಭೇದಗಳೆಂದು ಗ್ರಹಿಸಿದುದೇ ಇದಕ್ಕೆ ಮುಖ್ಯ ಕಾರಣ. ಗ್ರೀಕ್-ಲ್ಯಾಟಿನ್ ಮಾದರಿಯಲ್ಲಿ ಕಾಲಗಳ ಸಂಖ್ಯೆ ದೊಡ್ಡದಾಗಿತ್ತು. ಆ ಮಾದರಿಯಿಂದ ಬಂದ ಪರಂಪರೆಯಲ್ಲಿ ಬೆಳೆದ ಕಣ್ಣಿಗೆ ಸ್ಥಿತಿಯು ಕಾಲದಂತೆ ಕಂಡಿತು. ಕ್ರಿಯಾಸ್ಥಿತಿಯನ್ನು ಸ್ವತಂತ್ರ ತತ್ತ್ವವೆಂದು ಒಪ್ಪಿದ ಮೇಲೆ ಮೂರೇ ಕಾಲಗಳು ಸಾಕಾದವು.

ಖೋಸಾದ ವಿಷಯದಲ್ಲಿ 1834ರಲ್ಲಿ ವ್ಯಾಕರಣ ಪ್ರಕಟಿಸಿದ ಮಿಶನರಿ ಡಬ್ಲ್ಯು. ಬಿ. ಬಾಯ್ಸ್ ಹೊಂದಾಣಿಕೆಯ ತತ್ತ್ವವನ್ನು ಗುರುತಿಸಿದ್ದು ದೊಡ್ಡ ಸಾಧನೆ. ಇಂದು ನಿಂದಾರ್ಥಕವೆಂದು ತ್ಯಜಿಸಲಾಗಿರುವ ಹೆಸರಿನಿಂದ ಖೋಸಾ ಜನರನ್ನು ಕರೆದ ಆ ಗ್ರಂಥವು, ಪದಗಳ ಆದಿಯಲ್ಲಿ ಒಂದೇ ಧ್ವನಿ ಮರುಕಳಿಸುವುದನ್ನು ಶ್ರುತಿಸುಖಕ್ಕೆ ಸಂಬಂಧಿಸಿದ ಅನುರೂಪತೆ ಎಂದು ಹೆಸರಿಸಿತು. ಸಂಗತಿ ಸರಿಯಾಗಿ ಕಂಡಿತ್ತು. ಅದರ ಹೆಸರು ಮಾತ್ರ ಕಿವಿಯ ಕಡೆಗೆ ತಿರುಗಿತ್ತು. ಅದು ವಾಕ್ಯವನ್ನು ಬಿಗಿಯುವ ವ್ಯಾಕರಣಸಂಬಂಧವೆಂಬುದು, 1862ರಲ್ಲಿ ತೌಲನಿಕ ವ್ಯಾಕರಣದ ಮೊದಲ ಭಾಗವನ್ನು ಪ್ರಕಟಿಸಿದ ವಿಲ್‌ಹೆಲ್ಮ್ ಬ್ಲೀಕ್ ಮತ್ತು 20ನೆಯ ಶತಮಾನದ ಕ್ಲೆಮೆಂಟ್ ಡೋಕ್ ಮೊದಲಾದವರ ಕೆಲಸದಿಂದ ಖಚಿತವಾಯಿತು. ಬಂಟು ಭಾಷೆಗಳನ್ನು ಯುರೋಪಿನ ಅಚ್ಚಿಗೆ ಒತ್ತಬಾರದೆಂಬುದು ಡೋಕ್ ಅವರ ನಿಲುವಾಗಿತ್ತು.

ಈ ಎರಡು ನಿದರ್ಶನಗಳ ಎದುರಿಗೆ ನಮ್ಮ ಪಂಚಮೀ ವಿಭಕ್ತಿಯನ್ನು ಇರಿಸಿ ನೋಡಬಹುದು. 13ನೆಯ ಶತಮಾನದ ಕೇಶಿರಾಜ ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟನ್ನು ಸ್ವೀಕರಿಸಿದವನು; ಕನ್ನಡದ ಅಸಾಧಾರಣ ಲಕ್ಷಣಗಳನ್ನು ಪ್ರತ್ಯೇಕವಾಗಿ ಗುರುತಿಸಿದವನೂ ಅವನೇ. ಅವನು ತೃತೀಯೆಗೆ 'ಇಂ' ಎಂದೂ ಪಂಚಮಿಗೆ 'ಅತ್ತಣಿಂ' ಎಂದೂ ಪ್ರತ್ಯಯಗಳನ್ನು ಹೇಳಿದ್ದಾನೆ. 'ಅತ್ತಣಿಂ' ಎಂಬುದರ ಒಳಗೇ 'ಇಂ' ಇದೆ. ಹೊಸಗನ್ನಡದ ಪಠ್ಯಗಳಲ್ಲಿ ಅದು 'ದೆಸೆಯಿಂದ' ಆಗಿದೆ. ಅದರೊಳಗೂ 'ಇಂದ' ಇದೆ. 'ಕತ್ತಿಯಿಂದ ಕಡಿದನು', 'ಮರದಿಂದ ಬಿದ್ದನು' ಎರಡಕ್ಕೂ ಕನ್ನಡಿಗನ ಬಾಯಲ್ಲಿ ಇರುವ ಪ್ರತ್ಯಯ ಒಂದೇ. 'ಮರದ ದೆಸೆಯಿಂದ ಬಿದ್ದನು' ಎಂದು ಯಾರೂ ಆಡುವುದಿಲ್ಲ. ಆದರೂ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಲೊಮೊನೊಸೊವ್‌ನ ಹತ್ತು ಕಾಲಗಳಂತೆ ಇದೂ ಬೇರೊಂದು ಭಾಷೆಯ ಎಣಿಕೆಯನ್ನು ತುಂಬಲು ಹುಟ್ಟಿದ ಸ್ಥಾನ. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ 2000ದ ಕೃತಿಯಲ್ಲಿ ಶಂಕರ ಭಟ್ಟರು ಎತ್ತಿದ ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಸಂಸ್ಕೃತ-ವಿರೋಧದ ಮಾತಾಗಿ ಓದಿದ್ದುಂಟು. ರಷ್ಯನ್ ಮತ್ತು ಖೋಸಾಗಳ ಅನುಭವವನ್ನು ನೋಡಿದರೆ, ಅದು ಎಲ್ಲ ಭಾಷೆಗಳ ವ್ಯಾಕರಣಕಾರರೂ ಒಂದಲ್ಲ ಒಂದು ಕಾಲದಲ್ಲಿ ಎದುರಿಸಿದ ಶಾಸ್ತ್ರೀಯ ಪ್ರಶ್ನೆಯೆಂಬುದು ಮನದಟ್ಟಾಗುತ್ತದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ರಷ್ಯನ್ನಿನ ಲಿಂಗವೂ ಖೋಸಾದ ವರ್ಗವೂ ರೂಪದಲ್ಲಿ ಭಿನ್ನವಾದರೂ ಪದಗಳನ್ನು ಬೆಸೆಯುವ ಒಂದೇ ಕಾರ್ಯವನ್ನು ನಿರ್ವಹಿಸುತ್ತವೆ. ಹೋಲಿಕೆಯ ಮಾನದಂಡ ಕಾರ್ಯವಾಗಬೇಕು, ಪ್ರತ್ಯಯದ ಹೆಸರಾಗಬಾರದು. ಎರಡನೆಯದು, ಗುಣಸಂಧಿಯಂತಹ ಸಾಮ್ಯಗಳನ್ನು ಬಾಂಧವ್ಯಕ್ಕೆ ಪ್ರಮಾಣವಾಗಿ ಒಡ್ಡುವಲ್ಲಿ ಎಚ್ಚರ ಅಗತ್ಯ. ಮೂರನೆಯದು ಅನುವಾದಕ್ಕೆ ಸಂಬಂಧಿಸಿದ್ದು. ರಷ್ಯನ್ ಸಾಹಿತ್ಯ ಕನ್ನಡಕ್ಕೆ ಬಹುಪಾಲು ಇಂಗ್ಲಿಷಿನ ಮೂಲಕವೇ ಬಂದಿದೆ. ರಷ್ಯನ್ ಸ್ತ್ರೀಪಾತ್ರವೊಂದು 'ನಾನು' ಎಂದು ಭೂತಕಾಲದಲ್ಲಿ ಮಾತನಾಡುವಾಗ ಕ್ರಿಯಾಪದದಲ್ಲಿರುವ ಹೆಣ್ಣುತನ ಇಂಗ್ಲಿಷಿನಲ್ಲಿ ಕಳೆದುಹೋಗುತ್ತದೆ. ಖೋಸಾ ಕಥನದಲ್ಲಿ ಗಂಡೋ ಹೆಣ್ಣೋ ಎಂದು ತಿಳಿಸದೆ ಮುಂದುವರಿಯುವ ವಾಕ್ಯಕ್ಕೆ ಇಂಗ್ಲಿಷ್ ಸರ್ವನಾಮವು ಲಿಂಗವನ್ನು ಅಂಟಿಸುತ್ತದೆ. ಮೂಲದ ವ್ಯಾಕರಣವನ್ನು ಅರಿತ ಅನುವಾದಕ ಮೊದಲನೆಯದಕ್ಕೆ ಕನ್ನಡದಲ್ಲಿ ಬೇರೊಂದು ಸೂಚನೆಯನ್ನು ಒದಗಿಸಬಲ್ಲ. ಎರಡನೆಯದಕ್ಕೆ 'ಮಗು', 'ಆ ಜೀವ' ಮೊದಲಾದ ಪದಗಳ ನಪುಂಸಕತ್ವವನ್ನೋ ಗೌರವಾರ್ಥದ 'ಅವರು' ಎಂಬುದನ್ನೋ ಬಳಸಬಲ್ಲ.

ನಮ್ಮ ಸ್ನಾತಕೋತ್ತರ ತರಗತಿಗಳ ಭಾಷಾಶಾಸ್ತ್ರದ ಪಠ್ಯದಲ್ಲಿ ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳ ಜೊತೆಗೆ ದೂರದ ಒಂದು ಭಾಷೆಯ ಸ್ಥೂಲ ವ್ಯಾಕರಣವನ್ನಾದರೂ ಸೇರಿಸಿದಲ್ಲಿ, ಏಳು ವಿಭಕ್ತಿ, ಮೂರು ಲಿಂಗ, ಮೂರು ಕಾಲ ಎಂಬ ಎಣಿಕೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಾವಾಗಿಯೇ ಕೇಳುವರು. ಕನ್ನಡದ ವ್ಯಾಕರಣವನ್ನು ಕನ್ನಡದೊಳಗಿನಿಂದ ನೋಡುವುದಕ್ಕೆ ಆ ಪ್ರಶ್ನೆಯೇ ಮೊದಲ ಮೆಟ್ಟಿಲು.